ಬುಟ್ಟಿ ಮೂರಿದ್ದರೂ ಕಸ ಇಳಿಯಲಿಲ್ಲ: ಶಾಲೆಯ ಮಕ್ಕಳಿಗೆ ಮೊದಲು ಏನು ಕಲಿಸಬೇಕು?

ಪ್ರಶ್ನೆ: ನಾನು 10ರಿಂದ 13 ವರ್ಷದ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ಕಳೆದ ವರ್ಷ ನಮ್ಮ ಶಾಲೆಯಲ್ಲಿ ಬೇರೆ ಬೇರೆ ಬಣ್ಣದ ಮೂರು ಕಸದ ಬುಟ್ಟಿಗಳನ್ನು ಇರಿಸಿ, ಭಿತ್ತಿಪತ್ರ ಸ್ಪರ್ಧೆ ನಡೆಸಿ, ಅತಿ ಹೆಚ್ಚು ಪ್ಲಾಸ್ಟಿಕ್ ಬಾಟಲಿ ಸಂಗ್ರಹಿಸಿ ತಂದ ತರಗತಿಗೆ ಬಹುಮಾನವನ್ನೂ ಕೊಟ್ಟೆವು. ಪರೀಕ್ಷೆಯಲ್ಲಿ ಮಕ್ಕಳು ಎಲ್ಲಕ್ಕೂ ಸರಿಯುತ್ತರ ಬರೆಯುತ್ತಾರೆ. ಆದರೆ ಕೆಲವೇ ವಾರಗಳಲ್ಲಿ ಬುಟ್ಟಿಗಳಲ್ಲಿ ಎಲ್ಲವೂ ಬೆರೆಯತೊಡಗಿತು, ಶಾಲೆಯಿಂದ ಹೊರಹೋಗುವ ಕಸವೂ ಕಡಿಮೆಯಾಗಲಿಲ್ಲ. "ನಾವು ಬೇರ್ಪಡಿಸಿದ್ದೆಲ್ಲ ಕೊನೆಗೆ ಒಂದೇ ಗಾಡಿಗೆ ಹೋಗುತ್ತದಲ್ಲ, ಟೀಚರ್?" ಎಂದು ಒಬ್ಬ ಹುಡುಗ ಕೇಳಿದಾಗ ನನಗೆ ಉತ್ತರ ಹೇಳಲಾಗಲಿಲ್ಲ. ಈ ವರ್ಷ ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ನನ್ನ ಗಮನ ಸೆಳೆದದ್ದು ಬಾಟಲಿ ಸ್ಪರ್ಧೆ. ಅದರ ನಿಯಮವನ್ನು ಒಂದು ಮಗುವಿನ ಕಡೆಯಿಂದ ನೋಡಿ. ದಿನವೂ ಮನೆಯಿಂದ ಉಕ್ಕಿನ ಬಾಟಲಿಯಲ್ಲಿ ನೀರು ತರುವ ಮಗು ತನ್ನ ತರಗತಿಯ ಲೆಕ್ಕಕ್ಕೆ ಏನನ್ನೂ ಸೇರಿಸಲಾರದು. ಹೊಸ ಹೊಸ ಬಾಟಲಿ ಕೊಂಡು, ಕುಡಿದು, ಖಾಲಿಯಾದದ್ದನ್ನು ತಂದು ಹಾಕುವ ಮಗು ತರಗತಿಯನ್ನು ಗೆಲ್ಲಿಸುತ್ತದೆ. ಕಸ ಕಡಿಮೆ ಮಾಡಿರೆಂದು ಪಾಠದಲ್ಲಿ ಹೇಳಿ, ಹೆಚ್ಚು ಕಸ ತಂದವರಿಗೆ ಚಪ್ಪಾಳೆ ತಟ್ಟಿದಂತಾಯಿತು. ಇದು ನಿಮ್ಮೊಬ್ಬರ ಶಾಲೆಯ ಕಥೆಯಲ್ಲ. ಬಹುತೇಕ ಶಾಲಾ ಕಾರ್ಯಕ್ರಮಗಳು ಬೇರ್ಪಡಿಸುವುದರಿಂದ ಆರಂಭವಾಗಿ ಬೇರ್ಪಡಿಸುವುದರಲ್ಲಿಯೇ ಮುಗಿಯುತ್ತವೆ. ಕಸ ಹುಟ್ಟದಂತೆ ನೋಡಿಕೊಳ್ಳುವುದು ಮೊದಲು, ಇರುವ ವಸ್ತುವನ್ನು ಮತ್ತೆ ಮತ್ತೆ ಬಳಸುವುದು ಆಮೇಲೆ, ಕರಗಿಸಿ ಅಥವಾ ಅರೆದು ಹೊಸ ವಸ್ತು ಮಾಡುವ ಮರುಸಂಸ್ಕರಣೆ ಅದಕ್ಕೂ ಆಮೇಲೆ ಎಂಬ ಕ್ರಮವನ್ನು ಐರೋಪ್ಯ ಒಕ್ಕೂಟ 2008ರ ತ್ಯಾಜ್ಯ ನಿರ್ದೇಶನದಲ್ಲಿ ಕಾನೂನಾಗಿಯೇ ಬರೆದುಕೊಂಡಿದೆ. ಶಾಲೆಗಳಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಿ, ಮೂರನೆಯದೇ ಮೊದಲನೆಯದಾಗಿ ಕುಳಿತಿರುತ್ತದೆ.

ತಲೆಕೆಳಗಾದರೆ ಏನು ನಷ್ಟ ಎಂದು ನೀವು ಕೇಳಬಹುದು. ನಷ್ಟವಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಕತ್ತರಿಗಳನ್ನು ಪರೀಕ್ಷಿಸುವ ನೆಪದಲ್ಲಿ ಕಾಗದ ಕತ್ತರಿಸಲು ಕೊಟ್ಟಾಗ, ಪಕ್ಕದಲ್ಲಿ ಮರುಸಂಸ್ಕರಣೆಯ ಬುಟ್ಟಿ ಇದ್ದವರು ಬರಿಯ ಕಸದ ಬುಟ್ಟಿ ಇದ್ದವರಿಗಿಂತ ಹೆಚ್ಚು ಕಾಗದ ಬಳಸಿದರು. ಹೇಗಿದ್ದರೂ ಇದು ವ್ಯರ್ಥವಾಗುವುದಿಲ್ಲ ಎಂಬ ನೆಮ್ಮದಿ ಕೈಯನ್ನು ಸಡಿಲಿಸುತ್ತದೆ. ಆ ನೆಮ್ಮದಿಗೆ ಆಧಾರವೂ ಅಷ್ಟಾಗಿಲ್ಲ. ಪ್ಲಾಸ್ಟಿಕ್ಕಿನ ಬೃಹತ್ ಉತ್ಪಾದನೆ ಆರಂಭವಾದಾಗಿನಿಂದ 2015ರವರೆಗೆ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್ ಎಂದೂ, ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್ ಎಂದೂ, ಆ ಕಸದಲ್ಲಿ ಮರುಸಂಸ್ಕರಣೆಗೊಂಡದ್ದು ಶೇ. 9ರಷ್ಟು ಮಾತ್ರವೆಂದೂ 2017ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಶೇ. 12ರಷ್ಟನ್ನು ಸುಡಲಾಗಿತ್ತು, ಉಳಿದ ಶೇ. 79 ಭಾಗ ಕಸದ ಗುಂಡಿಗಳಲ್ಲಿ ಅಥವಾ ಬಯಲಿನಲ್ಲಿ, ನೀರಿನಲ್ಲಿ ಬಿದ್ದಿತ್ತು. 12 ವರ್ಷದ ಮಕ್ಕಳು ಈ ಅಂಕಿಗಳನ್ನು ನೂರು ಮನೆಗಳ ಚೌಕಜಾಲದಲ್ಲಿ ಬಣ್ಣ ತುಂಬಿ ನೋಡಬಲ್ಲರು. ಅದನ್ನು ನೋಡಿದ ಮೇಲೆ "ಬಾಟಲಿಯನ್ನು ಯಾವ ಬುಟ್ಟಿಗೆ ಹಾಕಬೇಕು?" ಎಂಬ ಪ್ರಶ್ನೆಗಿಂತ ಮುಂಚೆ "ಈ ಬಾಟಲಿ ಬೇಕಿತ್ತೆ?" ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಆದ್ದರಿಂದ ಈ ವರ್ಷದ ಆರಂಭ ಬುಟ್ಟಿಯಿಂದ ಬೇಡ, ತಕ್ಕಡಿಯಿಂದ ಆಗಲಿ. ಶಾಲೆಯ ಒಂದು ವಾರದ ಕಸವನ್ನು ಮಕ್ಕಳೇ ತೂಗಿ, ವಿಂಗಡಿಸಿ, ಬರೆದಿಡಲಿ. ಈ ಚಟುವಟಿಕೆಯ ಬಗ್ಗೆ ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅವಸರದಲ್ಲಿ ಮಾಡಿದರೆ ಇದು ಗಲೀಜಿನ ಆಟವಾಗಿ ಮುಗಿಯುತ್ತದೆ. ಎಚ್ಚರದಿಂದ ಮಾಡಿದರೆ ಇಡೀ ವರ್ಷದ ಪಾಠಕ್ಕೆ ಅಡಿಪಾಯವಾಗುತ್ತದೆ.

ಹಬ್ಬ, ಕ್ರೀಡಾಕೂಟ, ಪರೀಕ್ಷೆ ಯಾವುದೂ ಇಲ್ಲದ ಸಾಧಾರಣ ವಾರವನ್ನು ಆರಿಸಿಕೊಳ್ಳಿ. ಶೌಚಾಲಯದ ಕಸ, ಔಷಧಿ ಕೊಠಡಿಯ ಕಸ, ಒಡೆದ ಗಾಜು ಇವು ಮಕ್ಕಳ ಕೈಗೆ ಬರಲೇಬಾರದು. ಅವುಗಳನ್ನು ದೊಡ್ಡವರು ಮೊದಲೇ ಬೇರೆ ಮಾಡಿ, ಬೇಕಿದ್ದರೆ ಒಟ್ಟು ತೂಕವನ್ನಷ್ಟೇ ತಿಳಿಸಲಿ. ಬಯಲಿನಲ್ಲಿ ದೊಡ್ಡ ಹಾಳೆ ಹಾಸಿ, ಕೈಗವಸು ಹಾಕಿಸಿ, ಇಕ್ಕಳ ಕೊಟ್ಟು, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಸಿ. ಚೀಲ ಬಿಚ್ಚುವ ಮೊದಲು ಪ್ರತಿಯೊಂದು ಗುಂಪೂ ತನ್ನ ಅಂದಾಜನ್ನು ಬರೆದಿಡಬೇಕು: ಯಾವುದು ಹೆಚ್ಚಿರುತ್ತದೆ, ಎಷ್ಟು ಕಿಲೋ ಇರುತ್ತದೆ ಎಂದು. ಈ ಒಂದು ಹೆಜ್ಜೆಯನ್ನು ಬಿಡಬೇಡಿ. ಅಂದಾಜಿಗೂ ನಿಜಕ್ಕೂ ನಡುವಿನ ಅಂತರವನ್ನು ಕಂಡಾಗಲೇ ಮಗು ನಿಂತು ಯೋಚಿಸುವುದು. ಕೊಕ್ಕೆಯಿರುವ ಸಣ್ಣ ತಕ್ಕಡಿ ಸಾಕು. ಖಾಲಿ ಬಕೆಟ್ಟಿನ ತೂಕವನ್ನು ಕಳೆಯುವುದನ್ನು ಮರೆಯದಿರಲಿ. ಆಹಾರ, ಕಾಗದ ಮತ್ತು ರಟ್ಟು, ಪ್ಲಾಸ್ಟಿಕ್, ಲೋಹ, ಇತರೆ ಎಂಬ ಐದು ರಾಶಿಗಳು ಈ ವಯಸ್ಸಿಗೆ ಸರಿಹೊಂದುತ್ತವೆ.

ಒಂದು ವಿಷಯವನ್ನು ಬಹಳ ಶಿಕ್ಷಕರು ಗಮನಿಸುವುದಿಲ್ಲ: ತೂಕವನ್ನು ಮಾತ್ರ ಅಳೆದರೆ ಆಹಾರವೇ ಮೇಲುಗೈ ಸಾಧಿಸುತ್ತದೆ, ಪ್ಲಾಸ್ಟಿಕ್ ಇಲ್ಲವೇ ಇಲ್ಲವೇನೋ ಎನ್ನುವಷ್ಟು ಹಗುರವಾಗಿ ಕಾಣುತ್ತದೆ. ಪ್ರತಿಯೊಂದು ರಾಶಿ ಎಷ್ಟು ಬಕೆಟ್ ಆಯಿತೆಂಬ ಗಾತ್ರವನ್ನೂ ಬರೆಸಿ. ತೂಕಕ್ಕೂ ಗಾತ್ರಕ್ಕೂ ಎರಡು ಬೇರೆ ನಕ್ಷೆಗಳು ಬರುತ್ತವೆ, ಎರಡೂ ನಿಜ, ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಕೊನೆಗೆ ಒಟ್ಟು ತೂಕವನ್ನು ಶಾಲೆಯಲ್ಲಿರುವವರ ಸಂಖ್ಯೆಯಿಂದಲೂ ಶಾಲೆ ನಡೆದ ದಿನಗಳಿಂದಲೂ ಭಾಗಿಸಿದರೆ, ಒಬ್ಬರಿಗೆ ದಿನಕ್ಕೆ ಎಷ್ಟು ಗ್ರಾಂ ಎಂಬ ಒಂದೇ ಒಂದು ಅಂಕಿ ಸಿಗುತ್ತದೆ. ಮುಂದಿನ ಎಲ್ಲ ತಿಂಗಳುಗಳಲ್ಲೂ ನೀವು ಇಳಿಸಲು ಹೊರಡುವುದು ಆ ಅಂಕಿಯನ್ನೇ.

ತೂಗಿದ ಮೇಲೆ ರಾಶಿಗಳ ಸುತ್ತ ಮಕ್ಕಳನ್ನು ಕೂರಿಸಿ ಒಂದೊಂದು ವಸ್ತುವಿನ ಬಗ್ಗೆ ಮಾತನಾಡಿಸಿ. ಇದು ಶಾಲೆಗೆ ಹೇಗೆ ಬಂತು? ಎಷ್ಟು ಹೊತ್ತು ಬಳಕೆಯಲ್ಲಿತ್ತು? ಬಾರದಂತೆ ಮಾಡಬಹುದಿತ್ತೆ? ಹಾಗೆ ಮಾಡುವುದು ಯಾರ ಕೈಯಲ್ಲಿತ್ತು? ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಒಂದೇ ಮಗ್ಗುಲಲ್ಲಿ ಬರೆದು ಎಸೆದ ಹಾಳೆಯ ಬಗ್ಗೆ ಮಗು ತಾನೇ ನಿರ್ಧರಿಸಬಹುದು. ತಟ್ಟೆಯಲ್ಲಿ ಉಳಿದ ಊಟದ ಬಗ್ಗೆ ನಿರ್ಧರಿಸಬೇಕಾದವರು ಬಡಿಸುವವರೂ ಹೌದು, ಊಟದ ಸಮಯವನ್ನು ತೀರಾ ಮೊಟಕು ಮಾಡಿದ ಶಾಲೆಯೂ ಹೌದು. ನಾಲ್ಕು ಪದರಗಳ ಪೊಟ್ಟಣದ ಬಗ್ಗೆ ನಿರ್ಧರಿಸಿದವನು ಅದನ್ನು ತಯಾರಿಸಿದವನು. ಯಾರ ಡಬ್ಬಿಯಿಂದ ಏನು ಬಂತು ಎಂದು ಪತ್ತೆ ಹಚ್ಚುವ ಕೆಲಸಕ್ಕೆ ಮಾತ್ರ ಯಾರೂ ಕೈಹಾಕಬಾರದು. ಮನೆಯ ಅನುಕೂಲ ಅನನುಕೂಲಗಳು ಮಗುವಿನ ಬುತ್ತಿಯಲ್ಲಿ ಕಾಣುತ್ತವೆ. ಅದಕ್ಕಾಗಿ ತರಗತಿಯ ಎದುರು ಒಂದು ಮಗು ತಲೆ ತಗ್ಗಿಸುವಂತಾದರೆ ನೀವು ಕಲಿಸಹೊರಟದ್ದಕ್ಕಿಂತ ದೊಡ್ಡದೊಂದು ಹಾಳಾಗುತ್ತದೆ.

ಈಗ ಮರುಸಂಸ್ಕರಣೆಯ ಪಾಠಕ್ಕೆ ಬರೋಣ. ಇದನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಸರಿಯಾಗಿ ಕಲಿಸಿದರೆ ಇದು ಪದಾರ್ಥ ವಿಜ್ಞಾನದ ಸೊಗಸಾದ ಅಧ್ಯಾಯ. ಮಕ್ಕಳಿಗೆ ಹೇಳಬೇಕಾದ ಮುಖ್ಯ ಸತ್ಯವೆಂದರೆ ಎಲ್ಲ ವಸ್ತುಗಳೂ ಒಂದೇ ರೀತಿಯಲ್ಲಿ ಮರಳಿ ಬರುವುದಿಲ್ಲ ಎಂಬುದು. ಅಲ್ಯೂಮಿನಿಯಮ್ ಡಬ್ಬಿಯನ್ನು ಕರಗಿಸಿ ಮತ್ತೆ ಅಲ್ಯೂಮಿನಿಯಮ್ ಮಾಡಲು, ಬಾಕ್ಸೈಟ್ ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 5ರಷ್ಟು ಸಾಕು. ಅದಿರಿನಲ್ಲಿ ಆಕ್ಸಿಜನ್ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುವ ಲೋಹವನ್ನು ವಿದ್ಯುತ್ತಿನಿಂದ ಬಿಡಿಸಬೇಕು. ಡಬ್ಬಿಯಲ್ಲಿ ಆ ಕೆಲಸ ಆಗಲೇ ಮುಗಿದಿದೆ, ಕರಗಿಸುವುದಷ್ಟೇ ಬಾಕಿ. ಗಾಜು ಎಷ್ಟು ಸಲ ಕರಗಿದರೂ ಗುಣ ಕಳೆದುಕೊಳ್ಳುವುದಿಲ್ಲ. ಕುಲುಮೆಗೆ ಹಾಕುವ ಮಿಶ್ರಣದಲ್ಲಿ ಒಡೆದ ಗಾಜಿನ ಪಾಲು ಶೇ. 10ರಷ್ಟು ಹೆಚ್ಚಿದರೆ ಶಕ್ತಿಯ ಬಳಕೆ ಸುಮಾರು ಶೇ. 2.5ರಿಂದ 3ರಷ್ಟು ಇಳಿಯುತ್ತದೆ. ಆದರೆ ಪಿಂಗಾಣಿಯ ಚೂರು ಅದೇ ಉಷ್ಣತೆಯಲ್ಲಿ ಕರಗದೆ, ಹೊಸ ಬಾಟಲಿಯ ಗೋಡೆಯಲ್ಲಿ ಕಲ್ಲಿನಂತೆ ಉಳಿದು ಅದನ್ನು ಕೆಡಿಸುತ್ತದೆ. ಕಾಗದದ ಸಂಗತಿ ಬೇರೆ. ನೀರಿನಲ್ಲಿ ಅರೆದಾಗಲೆಲ್ಲ ಅದರ ನಾರು ತುಂಡಾಗಿ ಗಿಡ್ಡವಾಗುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ಸಲದ ನಂತರ ಆ ನಾರು ಒಂದಕ್ಕೊಂದು ಹೆಣೆದುಕೊಳ್ಳಲಾರದು. ಹಳೆಯ ಹಾಳೆಗಳನ್ನು ನೆನೆಸಿ, ಅರೆದು, ಜಾಲರಿಯ ಮೇಲೆ ಹರಡಿ ಒಣಗಿಸುವ ಪ್ರಯೋಗವನ್ನು ನೀವು ಬಹುಶಃ ಮಾಡಿಸಿರುತ್ತೀರಿ. ಈ ಸಲ ಅಲ್ಲಿಗೇ ನಿಲ್ಲಿಸದೆ, ತಯಾರಾದ ಹಾಳೆಯನ್ನೇ ಮತ್ತೆ ಅರೆದು ಎರಡನೆಯ, ಮೂರನೆಯ ಹಾಳೆ ಮಾಡಿಸಿ, ಮೂರನ್ನೂ ಎಳೆದು ಹರಿದು ನೋಡಲು ಹೇಳಿ.

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ ಎನ್ನುವುದನ್ನು ಬಾಯಿಪಾಠ ಮಾಡಿಸುವ ಬದಲು ನೀರಿನಲ್ಲಿ ತೋರಿಸಬಹುದು. ಪಾನೀಯದ ಬಾಟಲಿಯ ಗೋಡೆಯಿಂದ ಒಂದು ಚೂರು, ಅದೇ ಬಾಟಲಿಯ ಮುಚ್ಚಳದಿಂದ ಒಂದು ಚೂರು ಕತ್ತರಿಸಿ, ಗಾಳಿಗುಳ್ಳೆ ಅಂಟದಂತೆ ನೀರಿನೊಳಗೆ ಮುಳುಗಿಸಿ ಬಿಡಿ. ಗೋಡೆಯ ಚೂರು ಪೆಟ್ ಎಂಬ ಪ್ಲಾಸ್ಟಿಕ್. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.38 ಗ್ರಾಂ ಇರುವುದರಿಂದ ತಳ ಸೇರುತ್ತದೆ. ಮುಚ್ಚಳ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅಥವಾ ಗಟ್ಟಿ ಪಾಲಿಥಿಲೀನ್. ಎರಡೂ ನೀರಿಗಿಂತ ಹಗುರ, ಆದ್ದರಿಂದ ತೇಲುತ್ತದೆ. ಒಳಗೆ ಗಾಳಿಯ ನೊರೆಯಿಲ್ಲದ ಗಟ್ಟಿ ಪಾಲಿಸ್ಟೈರೀನ್ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಸಿಹಿನೀರಿನಲ್ಲಿ ಮುಳುಗಿ, ಚೆನ್ನಾಗಿ ಉಪ್ಪು ಕರಗಿಸಿದ ನೀರಿನಲ್ಲಿ ತೇಲುತ್ತದೆ. ಪೆಟ್ ಎರಡರಲ್ಲೂ ಮುಳುಗಿಯೇ ಇರುತ್ತದೆ. ಮರುಸಂಸ್ಕರಣಾ ಘಟಕಗಳಲ್ಲಿ ಅರೆದ ಪ್ಲಾಸ್ಟಿಕ್ ಚೂರುಗಳನ್ನು ಬೇರ್ಪಡಿಸುವುದು ಇದೇ ತತ್ತ್ವದಿಂದ. ಒಂದೇ ಬಾಟಲಿಯಲ್ಲಿ ಎರಡು ಬೇರೆ ಪ್ಲಾಸ್ಟಿಕ್ ಇರುವುದನ್ನು ಕಣ್ಣಾರೆ ಕಂಡ ಮಗುವಿಗೆ, ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಮ್ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಪೊಟ್ಟಣವನ್ನು ಬಿಡಿಸುವುದು ಏಕೆ ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯೇ ತ್ರಿಕೋನದ ಗುರುತಿನ ವಿಚಾರವನ್ನೂ ಸ್ಪಷ್ಟಪಡಿಸಿ. ಒಂದನ್ನೊಂದು ಹಿಂಬಾಲಿಸುವ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಗ್ಯಾರಿ ಆ್ಯಂಡರ್ಸನ್ ಎಂಬ ಅಮೆರಿಕದ ವಿದ್ಯಾರ್ಥಿ ಒಂದು ಸ್ಪರ್ಧೆಗಾಗಿ ರಚಿಸಿದರು. ಪ್ಲಾಸ್ಟಿಕ್ ವಸ್ತುಗಳ ತಳದಲ್ಲಿ ಕಾಣುವ, ಬಾಣಗಳ ನಡುವೆ 1ರಿಂದ 7ರವರೆಗಿನ ಅಂಕಿಯಿರುವ ಗುರುತು ಬಂದದ್ದು 1988ರಲ್ಲಿ, ಪ್ಲಾಸ್ಟಿಕ್ ಉದ್ಯಮದ ಸಂಘಟನೆಯಿಂದ. ಆ ಅಂಕಿ ಹೇಳುವುದು ಅದು ಯಾವ ಬಗೆಯ ಪ್ಲಾಸ್ಟಿಕ್ ಎಂಬುದನ್ನಷ್ಟೇ. ಆ ವಸ್ತುವನ್ನು ನಿಮ್ಮ ಊರಿನಲ್ಲಿ ಯಾರಾದರೂ ಕೊಂಡು ಹೊಸ ವಸ್ತು ಮಾಡುತ್ತಾರೆ ಎಂಬ ಭರವಸೆ ಅದರಲ್ಲಿಲ್ಲ. ಬಾಣ ಕಂಡದ್ದನ್ನೆಲ್ಲ ಮರುಸಂಸ್ಕರಣೆಯ ಬುಟ್ಟಿಗೆ ಹಾಕಿ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದರೆ ಅದನ್ನು ತಿದ್ದಬೇಕು.

ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅದು ಉಡಾಫೆಯ ಮಾತಲ್ಲ, ನಿಮ್ಮ ತರಗತಿಯಲ್ಲಿ ಕಳೆದ ವರ್ಷ ಯಾರಾದರೂ ಕೇಳಿದ ಅತ್ಯುತ್ತಮ ಪ್ರಶ್ನೆ ಅದೇ ಇರಬೇಕು. ಅದಕ್ಕೆ ಸಮಾಧಾನದ ಮಾತು ಹೇಳಿ ಸುಮ್ಮನಾಗಿಸಬೇಡಿ. ಅದನ್ನೇ ಇಡೀ ತರಗತಿಯ ಸಂಶೋಧನೆಯಾಗಿ ಮಾಡಿ. ಗಾಡಿ ಎಷ್ಟು ಗಂಟೆಗೆ ಬರುತ್ತದೆ, ಅದರೊಳಗೆ ಬೇರೆ ಬೇರೆ ಭಾಗಗಳಿವೆಯೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರು ವಿಂಗಡಿಸುತ್ತಾರೆ, ಯಾವುದನ್ನು ಯಾರು ಕೊಳ್ಳುತ್ತಾರೆ, ಯಾವುದು ಯಾರಿಗೂ ಬೇಡ ಎಂದು ಮಕ್ಕಳು ಪ್ರಶ್ನೆಗಳ ಪಟ್ಟಿ ಮಾಡಿ, ಕಸ ಒಯ್ಯುವ ಕಾರ್ಮಿಕರನ್ನು ಶಾಲೆಗೆ ಗೌರವದಿಂದ ಬರಮಾಡಿಕೊಂಡು ಕೇಳಲಿ. ಯಾವ ವಸ್ತು ಅವರ ಕೈ ಕೊಯ್ಯುತ್ತದೆ, ಯಾವುದರ ವಾಸನೆ ತಡೆಯಲಾಗುವುದಿಲ್ಲ, ಹೇಗೆ ಕೊಟ್ಟರೆ ಕೆಲಸ ಹಗುರವಾಗುತ್ತದೆ ಎಂದು ಅವರ ಬಾಯಿಂದಲೇ ಕೇಳಿದ ಮಕ್ಕಳು ಒಡೆದ ಗಾಜನ್ನು ಸುತ್ತಿ ಗುರುತು ಹಾಕಿ ಕೊಡುವುದನ್ನು ಮರೆಯುವುದಿಲ್ಲ. ವಿಂಗಡಿಸಿದ ಕಸ ನಿಜವಾಗಿಯೂ ಮತ್ತೆ ಬೆರೆಯುತ್ತಿದೆ ಎಂದು ತಿಳಿದುಬಂದರೆ ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಸ್ಥಳೀಯ ಆಡಳಿತಕ್ಕೆ ತಾವು ತೂಗಿದ ಅಂಕಿಗಳ ಸಮೇತ ಪತ್ರ ಬರೆಯುವುದು ಭಾಷೆಯ ಪಾಠವೂ ಆಗುತ್ತದೆ, ಪೌರನೀತಿಯ ಪಾಠವೂ ಆಗುತ್ತದೆ. ಉತ್ತರ ಬರುವವರೆಗೂ ಒಂದು ಮಾತು ಮಾತ್ರ ಅವರಿಗೆ ಗಟ್ಟಿಯಾಗಿ ಹೇಳಬಹುದು: ಹುಟ್ಟದ ಕಸವನ್ನು ಯಾವ ಗಾಡಿಯೂ ಬೆರೆಸಲಾರದು.

ಅದೇ ಕಾರಣಕ್ಕೆ ಹಸಿ ಕಸವನ್ನು ಸಾಧ್ಯವಾದಷ್ಟು ಶಾಲೆಯ ಆವರಣದಲ್ಲೇ ಗೊಬ್ಬರ ಮಾಡಿ. ಅದು ಗಾಡಿಯನ್ನು ನಂಬಿ ಕೂರುವ ಕೆಲಸವಲ್ಲ. ಗಾಳಿಯಾಡದ ಕಸದ ಗುಡ್ಡದಲ್ಲಿ ಆಹಾರ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಗೊಬ್ಬರದ ಗುಂಡಿಗೆ ಸೊಪ್ಪು, ಸಿಪ್ಪೆಗಳ ಜೊತೆ ಒಣ ಎಲೆ, ಚೂರು ಮಾಡಿದ ರಟ್ಟು ಸಾಕಷ್ಟು ಇರಲಿ, ಹಿಂಡಿದ ಬಟ್ಟೆಯಷ್ಟು ತೇವ ಇರಲಿ, ಆಗಾಗ ಮಗುಚಿ ಹಾಕಿ. ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಅಥವಾ ಗಾಳಿ ಸಾಲದಾಗಿದೆ ಎಂದರ್ಥ. ಆದರೆ ತಟ್ಟೆಯಲ್ಲಿ ಬಿಟ್ಟ ಊಟ ಗೊಬ್ಬರವಾಯಿತಲ್ಲ ಎಂದು ಸಮಾಧಾನ ಪಡುವುದನ್ನು ಮಕ್ಕಳಿಗೆ ಕಲಿಸಬಾರದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದನ್ನು ಬೆಳೆಯಲು ಹಿಡಿದ ನೀರು, ನೆಲ, ದುಡಿಮೆ ಯಾವುದೂ ಗೊಬ್ಬರವಾಗಿ ಹಿಂದಿರುಗುವುದಿಲ್ಲ.

ಬುಟ್ಟಿಗಳು ಏಕೆ ಬೆರೆತವು ಎಂಬುದಕ್ಕೆ ಕಾರಣ ಹೆಚ್ಚಾಗಿ ಮಕ್ಕಳ ಅಸಡ್ಡೆಯಲ್ಲ, ಬುಟ್ಟಿ ಇಟ್ಟ ರೀತಿ. ಒಂದು ಮೂಲೆಯಲ್ಲಿ ಒಂಟಿ ಬುಟ್ಟಿ ಇದ್ದರೆ ಕೈಗೆ ಸಿಕ್ಕಿದ್ದೆಲ್ಲ ಅದಕ್ಕೇ ಬೀಳುತ್ತದೆ. ಆದ್ದರಿಂದ ಬುಟ್ಟಿಗಳು ಯಾವಾಗಲೂ ಜೊತೆಯಾಗಿಯೇ ಇರಲಿ, ಒಂಟಿ ಬುಟ್ಟಿಗಳನ್ನು ತೆಗೆದುಬಿಡಿ. ಬುಟ್ಟಿಯ ಮೇಲೆ ಬರಹಕ್ಕಿಂತ, ನಿಮ್ಮ ಶಾಲೆಯ ಕಸದಲ್ಲಿ ನಿಜವಾಗಿ ಸಿಕ್ಕ ವಸ್ತುಗಳ ಚಿತ್ರಗಳನ್ನೋ ವಸ್ತುಗಳನ್ನೋ ಅಂಟಿಸಿ. ಕಾಗದದ ಬುಟ್ಟಿಗೆ ಸೀಳಿನಂತಹ ಬಾಯಿ, ಬಾಟಲಿ ಬುಟ್ಟಿಗೆ ದುಂಡನೆಯ ಬಾಯಿ ಇದ್ದರೆ ಕೈ ತಾನೇ ನಿಧಾನಿಸುತ್ತದೆ. ಎಣ್ಣೆ, ಸಾರು ಅಂಟಿದ ಕಾಗದ ಒಳ್ಳೆಯ ಕಾಗದವನ್ನೂ ಕೆಡಿಸುತ್ತದೆಂಬ ಒಂದು ಸಂಗತಿಯನ್ನು ಎಲ್ಲರಿಗೂ ತಿಳಿಸಿ. ಉಳಿದ ಸೂಕ್ಷ್ಮಗಳು ನಿಧಾನವಾಗಿ ಬರುತ್ತವೆ. ಬ್ಯಾಟರಿಗಳನ್ನು ಮಾತ್ರ ಯಾವ ಬುಟ್ಟಿಗೂ ಹಾಕದೆ ಬೇರೆಯಾಗಿ ದೊಡ್ಡವರ ಕೈಗೆ ಕೊಡಬೇಕು. ಲಿಥಿಯಮ್ ಬ್ಯಾಟರಿ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತುತ್ತದೆ, ಕಸದ ಗಾಡಿಗಳಲ್ಲೂ ವಿಂಗಡಣಾ ಘಟಕಗಳಲ್ಲೂ ಹಾಗೆ ಬೆಂಕಿ ಬಿದ್ದಿದೆ.

"ಕಸದಿಂದ ರಸ" ಎಂಬ ಕರಕುಶಲ ಚಟುವಟಿಕೆಗಳ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಹೇಳಲೇಬೇಕು. ಸ್ವಚ್ಛವಾದ ಪೆಟ್ ಬಾಟಲಿಗೆ ಅಂಟು, ಬಣ್ಣ, ಮಿನುಗುಪುಡಿ ಹಚ್ಚಿ ಹೂದಾನಿ ಮಾಡಿದರೆ, ಕೊಳ್ಳುವವರಿದ್ದ ವಸ್ತು ಯಾರೂ ಕೊಳ್ಳದ ವಸ್ತುವಾಗುತ್ತದೆ. ಪ್ರದರ್ಶನ ಮುಗಿದ ಮರುವಾರ ಅದು ಗುಂಡಿಗೆ ಹೋಗುತ್ತದೆ. ಪ್ರದರ್ಶನಕ್ಕಾಗಿ ಮನೆಯವರು ಹೊಸ ವಸ್ತು ಕೊಂಡು ಕಳಿಸುವುದೂ ಉಂಟು. ಆ ಸಮಯವನ್ನು ರಿಪೇರಿಗೆ ಕೊಡಿ: ಹರಿದ ಚೀಲ ಹೊಲಿಯುವುದು, ಪುಸ್ತಕದ ಬೆನ್ನು ಕಟ್ಟುವುದು, ಅರ್ಧ ಖಾಲಿಯಿರುವ ನೋಟ್‌ಬುಕ್ಕುಗಳ ಹಾಳೆಗಳನ್ನು ಸೇರಿಸಿ ಹೊಸ ಪುಸ್ತಕ ಹೊಲಿಯುವುದು, ಚಿಕ್ಕದಾದ ಸಮವಸ್ತ್ರವನ್ನು ಕಿರಿಯರಿಗೆ ದಾಟಿಸುವ ವ್ಯವಸ್ಥೆ ಮಾಡುವುದು. ಇವು ಪ್ರದರ್ಶನದ ಮೇಜಿನ ಮೇಲೆ ಅಷ್ಟಾಗಿ ಹೊಳೆಯುವುದಿಲ್ಲ, ಆದರೆ ತಕ್ಕಡಿಯ ಮುಳ್ಳನ್ನು ಇಳಿಸುವುದು ಇವೇ.

ಬಹುಮಾನದ ವಿಚಾರ. ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ "ಬರೆದರೆ ಬಹುಮಾನ" ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಬಿಡುವಿನ ವೇಳೆಯಲ್ಲಿ ಅವರು ಚಿತ್ರ ಬರೆಯುವುದು ಕಡಿಮೆಯಾಯಿತೆಂದು 1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ತೋರಿಸಿದರು. ಬಹುಮಾನ ನಿಂತೊಡನೆ ಕೆಲಸವೂ ನಿಲ್ಲುವುದನ್ನು ನೀವು ಕಳೆದ ವರ್ಷ ನೋಡಿದಿರಿ. ತರಗತಿ ತರಗತಿಗಳ ನಡುವಿನ ಸ್ಪರ್ಧೆಯನ್ನು ಬಿಟ್ಟು, ಇಡೀ ಶಾಲೆ ತನ್ನದೇ ಹಿಂದಿನ ಅಂಕಿಯೊಂದಿಗೆ ಹೋಲಿಸಿಕೊಳ್ಳಲಿ. ಪ್ರತಿ ತರಗತಿಯೂ ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಲಿ. ಒಂದು ತರಗತಿ ಕಾಗದದ ಎರಡೂ ಮಗ್ಗುಲು ಬಳಸುವ ಪೆಟ್ಟಿಗೆ ಇಡಬಹುದು, ಇನ್ನೊಂದು ಊಟ ಬಡಿಸುವವರೊಡನೆ ಮಾತನಾಡಿ ಮೊದಲು ಸ್ವಲ್ಪ ಬಡಿಸಿ ಬೇಕಾದವರಿಗೆ ಮತ್ತೆ ಬಡಿಸುವ ಕ್ರಮ ತರಬಹುದು. ಬದಲಾವಣೆಯ ಆಯ್ಕೆ ಮಕ್ಕಳದೇ ಆಗಿರಬೇಕು, ಅದಕ್ಕೆ ಅಡ್ಡಿಯಾಗುವ ಶಾಲೆಯ ನಿಯಮವನ್ನು ಬದಲಿಸುವ ಹೊಣೆ ನಿಮ್ಮದು ಮತ್ತು ಮುಖ್ಯೋಪಾಧ್ಯಾಯರದು.

ಇನ್ನು ನಿಮ್ಮ ಗುಂಪಿನ ದೊಡ್ಡ ಮಕ್ಕಳಿಗೆ, ತಯಾರಕರ ಹೊಣೆಯ ಬಗ್ಗೆಯೂ ಒಂದು ತರಗತಿ ಮೀಸಲಿಡಿ. ತಾನು ಮಾರಿದ ಪೊಟ್ಟಣದ ಕಸಕ್ಕೆ ತಯಾರಕನೇ ಜವಾಬ್ದಾರನೆಂಬ ನಿಯಮವನ್ನು ಜರ್ಮನಿ 1991ರಲ್ಲೇ ತಂದಿತು. ಇಂತಹ ಕಾನೂನುಗಳು ಈಗ ಅನೇಕ ದೇಶಗಳಲ್ಲಿವೆ. ಇದನ್ನು ಹೇಳದೆ ಹೋದರೆ ಜಗತ್ತಿನ ಕಸವೆಲ್ಲ ತನ್ನ ತಪ್ಪು ಎಂಬ ಭಾರವನ್ನು ಮಗು ಹೊತ್ತುಕೊಳ್ಳುತ್ತದೆ, ಇಲ್ಲವೇ ತನ್ನಿಂದೇನೂ ಆಗದೆಂದು ಕೈಚೆಲ್ಲುತ್ತದೆ. ಆರೇಳು ವರ್ಷದವರಿಗೆ ಇದಾವುದೂ ಬೇಡ. ಅವರಿಗೆ ಗೊಬ್ಬರದ ಗುಂಡಿಯೂ ಮುಟ್ಟಿ ನೋಡಿ ವಿಂಗಡಿಸುವ ಆಟವೂ ಸಾಕು.

ಎರಡನೆಯ ತೂಗುವಿಕೆಯನ್ನು ಮೊದಲನೆಯದರಿಂದ ಮೂರು ತಿಂಗಳಿಗೆ ಇಟ್ಟುಕೊಳ್ಳಿ, ಅದೇ ರಾಶಿಗಳು, ಅದೇ ಬಕೆಟ್ಟು, ಅಷ್ಟೇ ದಿನಗಳು ಇರಲಿ, ಮತ್ತು ವಾರವನ್ನು ಮಕ್ಕಳಿಗೆ ಮುಂಚಿತವಾಗಿ ತಿಳಿಸಬೇಡಿ. ಅಂಕಿ ಇಳಿಯದಿದ್ದರೆ, ಏರಿದ್ದರೂ ಸಹ, ಮೊದಲ ಅಂಕಿಯ ಪಕ್ಕದಲ್ಲೇ ಅದನ್ನೂ ಫಲಕದ ಮೇಲೆ ಬರೆಸಿ, ಯಾವ ರಾಶಿಯಿಂದ ಏರಿತೆಂದು ಹುಡುಕುವ ಕೆಲಸವನ್ನು ಆ ಪ್ರಶ್ನೆ ಕೇಳಿದ ಹುಡುಗನ ಗುಂಪಿಗೇ ವಹಿಸಿ.